ಬೆರಳು ತೊದಲದ ಫೋನು

ಸೂಜಿಯಮ್ಮನಿಗೆ ಆ ಹೆಸರು ಬಂದದ್ದು ಬಟ್ಟೆ ಹೊಲಿಯುತ್ತಾಳೆ ಅಂತ ಮಾತ್ರವಲ್ಲ, ಮಾತಿಗೂ ಮೊನೆ ಇದೆ ಅಂತ. ಅಳತೆ ಕೊಡಲು ಬಂದವರು ಹೊಟ್ಟೆ ಎಳೆದುಕೊಂಡು ನಿಂತರೆ, "ಉಸಿರು ಬಿಡಿ ಸಾರ್, ಅಂಗೀನ ಹೊಟ್ಟೆಗೂ ಸೇರಿಸಿ ಹೊಲೀಬೇಕು" ಅನ್ನುವವಳು. ಒಮ್ಮೆ ಒಬ್ಬ ಮದುಮಗನಿಗೇ ಹಾಗಂದು... ಇರಲಿ, ಆ ಕತೆ ಹಿಡಿದರೆ ಇದು ಮುಗಿಯುವುದಿಲ್ಲ.

ಅವಳಿಗೆ ಒಬ್ಬಳು ಅಕ್ಕ. ಹುಟ್ಟಿದಾಗಿನಿಂದ ಕಿವಿ ಕೇಳಿಸದು, ಬಾಯಲ್ಲಿ ಮಾತಿಲ್ಲ. ಆದರೆ ಅಕ್ಕನನ್ನು ಯಾರಾದರೂ ಮಾತಿಲ್ಲದವಳು ಅಂದರೆ ಸೂಜಿಯಮ್ಮ ಬಿದ್ದು ಬಿದ್ದು ನಗುತ್ತಾಳೆ. ಮೂಗು ಸೋರುವ ವಯಸ್ಸಿನಲ್ಲೇ ಇಬ್ಬರೂ ಸೇರಿ ಕೈಯಲ್ಲೊಂದು ಭಾಷೆ ಕಟ್ಟಿಕೊಂಡಿದ್ದರು. ನೀರು, ಊಟ, ನಿದ್ದೆ, ಇವಕ್ಕೆಲ್ಲ ಒಂದೊಂದೇ ಸನ್ನೆ. ಬೈಗುಳ ಮಾತ್ರ ಬುಟ್ಟಿಗಟ್ಟಲೆ. ಅಕ್ಕ ಪಕ್ಕದ ಬೀದಿಯಲ್ಲಿ ಇದ್ದಷ್ಟು ಕಾಲ ದಿನಾ ಸಂಜೆ ಬಂದು, ಹೊಲಿಗೆ ಯಂತ್ರದ ಎದುರು ಕೂತು, ಮನಸಾರೆ ಜಗಳವಾಡಿ, ಹಗುರಾಗಿ ಮನೆಗೆ ಹೋಗುತ್ತಿದ್ದಳು. ಹೋದ ವರ್ಷ ಅವಳ ಮಗನಿಗೆ ದೂರದೂರಿಗೆ ವರ್ಗವಾಯಿತು. ತಾಯಿಯನ್ನೂ ಕರೆದುಕೊಂಡು ಹೋದ.

ಸೂಜಿಯಮ್ಮನ ಹತ್ತಿರ ಇದ್ದದ್ದು ಗುಂಡಿ ಒತ್ತುವ ಹಳೇ ಫೋನು. ಅದರಲ್ಲಿ ಮಾತಾಡುತ್ತಿದ್ದವನು ಅಕ್ಕನ ಮಗ.

"ಅಮ್ಮ ಚೆನ್ನಾಗಿದ್ದಾರೆ ಚಿಕ್ಕಮ್ಮ. ನಿಮ್ಮನ್ನ ಕೇಳಿದೆ ಅಂತ ಹೇಳು ಅಂದ್ರು."

"ಅವಳು ಹಾಗಂದಿರೋಕೆ ಸಾಧ್ಯವೇ ಇಲ್ಲ. ನಿಜ ಹೇಳೋ, ಏನಂದ್ಲು?"

"ಬಿಡಿ ಚಿಕ್ಕಮ್ಮ... ದೊಡ್ಡೋರಿಗೆ ಅದನ್ನ ನಾನು ಹೇಗೆ ಹೇಳ್ಲಿ?"

ಹೀಗೆ ಅಕ್ಕನ ಬೈಗುಳವೆಲ್ಲ ಆ ಮರ್ಯಾದಸ್ಥನ ಗಂಟಲಲ್ಲೇ ಸಿಕ್ಕಿಕೊಂಡು, ಈ ಕಡೆಗೆ ಬರೀ ಕ್ಷೇಮ ಸಮಾಚಾರ ಬರುತ್ತಿತ್ತು. ಅಕ್ಕನ ಮಾತು ಕಣ್ಣಿಗೆ ಬಿದ್ದು ವರ್ಷವಾಗಿತ್ತು. ಸೂಜಿಯಮ್ಮನಿಗೆ ಊಟ ಸೇರದು, ಹೊಲಿಗೆ ನೆಟ್ಟಗೆ ಓಡದು. ಕಡೆಗೊಂದು ಬೆಳಗ್ಗೆ ಅಂಗಡಿಗೆ ಬೀಗ ಜಡಿದು, ಮುಖ ಕಾಣುವ ಫೋನು ತರಲು ಹೊರಟೇಬಿಟ್ಟಳು.

ಫೋನಿನಂಗಡಿಯವನು ಒಳ್ಳೆಯವನೇ, ಪಾಪ. ಬಾಯಿ ತೆರೆದರೆ ನಲ್ಲಿ ನಿಲ್ಲಿಸಲಾಗದು, ಅಷ್ಟೇ. ದುಬಾರಿಯದು ಬೇಡ ಅಂದದ್ದೇ ತಡ, ಮೂರು ಫೋನು ತಂದು ಗಾಜಿನ ಮೇಲೆ ಸಾಲಾಗಿ ಇಟ್ಟ.

"ಅಮ್ಮಾ, ಇದರ ಬ್ಯಾಟರಿ ನೋಡಿ, ಮೆಮೊರಿ ನೋಡಿ. ಎಷ್ಟು ಹಾಡು ಬೇಕಾದ್ರೂ ಹಿಡಿಸುತ್ತೆ."

"ಹಾಡು ಯಾರಿಗಪ್ಪಾ ಬೇಕು? ನಾನು ಕೈ ಆಡಿಸ್ತೀನಿ, ವಿಡಿಯೋ ತೆಗಿ."

ಅವನು ತೆಗೆದ. ಸೂಜಿಯಮ್ಮ ಅವನನ್ನೇ ನೋಡುತ್ತಾ, ಹಲ್ಲು ಬಿಟ್ಟು ನಗುತ್ತಾ, ಅವನ ತಲೆಗೂದಲಿನಿಂದ ಚಪ್ಪಲಿಯವರೆಗೆ ಹತ್ತು ಬೆರಳಲ್ಲೂ ಒಂದು ಸುತ್ತು ಬೈದಳು. ಅವನು ಏನೋ ನೃತ್ಯವಿರಬೇಕು ಅಂದುಕೊಂಡು, "ಸೂಪರ್ ಅಮ್ಮಾ!" ಅಂದ.

ವಿಡಿಯೋ ನೋಡಿದರೆ ಬೆರಳೇ ಇಲ್ಲ. ಕೈಯಿದ್ದ ಜಾಗದಲ್ಲಿ ಹೊಗೆ ಆಡಿದ ಹಾಗೆ.

"ಇದು ಬೇಡ. ಇದರಲ್ಲಿ ನಾನು ತೊದಲ್ತೀನಿ."

"ನೀವು ಮಾತೇ ಆಡ್ಲಿಲ್ವಲ್ಲಮ್ಮಾ!"

"ನಿನಗೆ ಗೊತ್ತಾಗ್ಲಿಲ್ಲ, ಅದು ನಿನ್ನ ಪುಣ್ಯ."

ಎರಡನೆಯದರಲ್ಲಿ ಬೆರಳು ಸ್ಪಷ್ಟ, ಆದರೆ ಮುಖಕ್ಕೆ ಸುಣ್ಣ ಬಳಿದ ಹಾಗೆ ಬೆಳ್ಳಗಾಗಿ ಸುಕ್ಕೆಲ್ಲ ಮಾಯ. "ಮದುವಣಗಿತ್ತಿ ಥರ ಕಾಣ್ತೀರಿ" ಎಂದು ಅಂಗಡಿಯವನು ಉಬ್ಬಿಸಿದ. ಸೂಜಿಯಮ್ಮ ಉಬ್ಬಲಿಲ್ಲ. "ಮೂಗು ಸುಕ್ಕಿಸಿದ್ದು ಕಾಣದೇ ಇದ್ರೆ ನಾನು ಬೈದಿದ್ದನ್ನ ಅವಳು ಹೊಗಳಿಕೆ ಅಂದ್ಕೊಂಡ್ರೆ ಏನಪ್ಪಾ ಗತಿ?" ಸುಣ್ಣ ತೆಗೆಯಲು ಅವನು ಅಲ್ಲಿ ಒತ್ತಿದ, ಇಲ್ಲಿ ಒತ್ತಿದ, ಕಡೆಗೆ ಸೂಜಿಯಮ್ಮನ ತಲೆ ಮೇಲೆ ಎರಡು ಬೆಕ್ಕಿನ ಕಿವಿ ಮೂಡಿದವು. ಅದನ್ನೂ ಬದಿಗಿಟ್ಟರು.

ಮೂರನೆಯದು ಇಟ್ಟಿಗೆಯಂಥ ಫೋನು, ನೋಡಲು ಏನೂ ಚೆಂದವಿಲ್ಲ. ಬೆರಳು ಬೇರೆ ಬೇರೆ ಕಂಡವು, ಮೂಗಿನ ಸುಕ್ಕೂ ಕಂಡಿತು. "ಈಗ ಅಕ್ಕನಿಗೆ ಹಚ್ಚು. ಅವಳು ಒಪ್ಪಿದ್ರೆ ತಗೋತೀನಿ" ಅಂದಳು.

ಅಂಗಡಿಯವನು ತನ್ನ ಸಿಮ್ ಹಾಕಿ ವಿಡಿಯೋ ಕರೆ ಹಚ್ಚಿದ. ಅಕ್ಕನ ಮಗ ಎತ್ತಿ ತಾಯಿಯ ಕೈಗೆ ಕೊಟ್ಟ. ಮೊದಲು ಫ್ಯಾನು ಕಂಡಿತು, ಆಮೇಲೆ ಹಣೆ, ಆಮೇಲೆ ಅಕ್ಕ. ಒಂದು ಕೈಯಲ್ಲಿ ಫೋನು, ಇನ್ನೊಂದು ಕೈಯಲ್ಲಿ ಅರ್ಧಂಬರ್ಧ ಮಾತು. ಸೂಜಿಯಮ್ಮನದೂ ಅದೇ ಅವಸ್ಥೆ. ತಾಳ್ಮೆಗೆಟ್ಟು ಫೋನನ್ನು ಅಂಗಡಿಯವನ ಕೈಗೆ ತುರುಕಿ, "ಎದೆ ಮಟ್ಟಕ್ಕೆ ಹಿಡಿ, ಅಲ್ಲಾಡಬೇಡ" ಅಂದಳು. ಆ ಕಡೆ ಅಕ್ಕನೂ ಫೋನನ್ನು ಗೋಡೆಗೆ ಒರಗಿಸಿದಳು. ಇನ್ನೇನು, ಕಟ್ಟೆ ಒಡೆಯಿತು.

ನೀನು ಹೊಲಿದ ರವಿಕೆ ತೋಳಿಗೆ ಏರುವುದಿಲ್ಲ, ಕತ್ತರಿ ಹಿಡಿಯುವಾಗ ನಿದ್ದೆ ಮಾಡುತ್ತಿದ್ದೆಯಾ ಅಂತ ಅಕ್ಕ. ರವಿಕೆ ಇದ್ದಷ್ಟೇ ಇದೆ, ಮಗನ ಮನೆಯಲ್ಲಿ ಕೂತು ತಿಂದು ತೋಳು ಕಂಬವಾಗಿದೆ ಅಂತ ತಂಗಿ. ನಡುವೆ ಅಂಗಡಿಯವನು ಕುತ್ತಿಗೆ ಚಾಚಿ ಪರದೆಯೊಳಗೆ ಇಣುಕಿದಾಗ ಅಕ್ಕ ಅವನತ್ತ ಬೆರಳು ಮಾಡಿ ಏನೋ ಅಂದಳು. ಇಬ್ಬರೂ ಕಣ್ಣಲ್ಲಿ ನೀರು ಬರುವಂತೆ ನಕ್ಕರು.

"ಏನಂದ್ರು ಅಮ್ಮಾ?"

"ಒಳ್ಳೆ ಅಂಗಡಿ ಅಂದ್ಲು."

ಸುಳ್ಳು. ಅವಳು ಅಂದದ್ದು ಅವನ ಮೀಸೆಯ ವಿಷಯ. ಅದು ಇಲ್ಲಿ ಬೇಡ.

ಕಂಬದ ಮಾತು ಮಾತ್ರ ಅಕ್ಕನಿಗೆ ಚುಚ್ಚಿತ್ತು. ಸೋಲುವ ಹೊತ್ತು ಬಂತೆಂದರೆ ಅವಳದೊಂದು ಹಳೇ ವರಸೆ: ಕಣ್ಣು ಮುಚ್ಚಿಬಿಡುವುದು. ಕಣ್ಣು ಮುಚ್ಚಿದವಳಿಗೆ ಕೈಯಲ್ಲಿ ಏನು ಹೇಳುತ್ತೀರಿ? ಎದುರಿಗಿದ್ದಾಗ ಸೂಜಿಯಮ್ಮ ಗದ್ದ ಚಿವುಟಿ ಕಣ್ಣು ತೆರೆಸುತ್ತಿದ್ದಳು. ಈಗಲೂ ಆ ಆವೇಶದಲ್ಲೇ ಮುಂದಕ್ಕೆ ಬಾಗಿ ಫೋನಿನ ಗಾಜಿನ ಮೇಲೆ ಅಕ್ಕನ ಗದ್ದ ಚಿವುಟಿದಳು. ಅಲ್ಲೇ ಇತ್ತು ಕರೆ ಕತ್ತರಿಸುವ ಕೆಂಪು ಗುರುತು. ಅಕ್ಕ ಮಾಯವಾದಳು.

ಸೂಜಿಯಮ್ಮನ ಮುಖ ಸಪ್ಪಗಾಯಿತು. "ಅಯ್ಯೋ, ಬೇಕೂಂತಲೇ ಕತ್ತರಿಸಿದೆ ಅಂದ್ಕೋತಾಳೆ. ಇನ್ನು ಜನ್ಮದಲ್ಲಿ ಮಾತಾಡೋಲ್ಲ."

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಅಕ್ಕನೇ! ಕಣ್ಣು ಲಾಟೀನಿನಷ್ಟು ಅಗಲ. ಮಾತು ಮುಗಿಯುವ ಮೊದಲೇ ಹೋದೆಯಲ್ಲ, ಎಷ್ಟು ಕೊಬ್ಬು ನಿನಗೆ ಅಂತ ಎರಡೂ ಕೈಯಲ್ಲಿ ಸುರಿಮಳೆ.

ಸೂಜಿಯಮ್ಮನ ಕೈ ಗಾಳಿಯಲ್ಲೇ ನಿಂತಿತು. ಕಣ್ಣು ಮುಚ್ಚಿದ್ದವಳಿಗೆ, ನಾನು ಹೋದದ್ದು ಆ ಕ್ಷಣಕ್ಕೇ ಹೇಗೆ ಕಂಡಿತು? ಹಾಗಾದರೆ ಚಿಕ್ಕಂದಿನಿಂದಲೂ ಈ ಕಳ್ಳಿ ರೆಪ್ಪೆ ಸಂದಿಯಿಂದ ಎಲ್ಲವನ್ನೂ ನೋಡುತ್ತಲೇ ಇದ್ದಳು!

"ಅಮ್ಮಾ, ಬಿಲ್ ಮಾಡ್ಲಾ? ಕೈ ನೋಯ್ತಿದೆ."

"ಸುಮ್ನೆ ಹಿಡ್ಕೋಪ್ಪಾ," ಎಂದು ಸೂಜಿಯಮ್ಮ ಸೆರಗು ಸಿಕ್ಕಿಸಿ, ಮೂಗು ಸುಕ್ಕಿಸಿದಳು. "ಜಗಳ ಈಗ ಶುರುವಾಗಿದೆ."