ಚಾ ಪಾತ್ರೆಯ ಹಿಂದೆ ಎರಡು ವರ್ಷ

ಇವತ್ತು ಬೆಳಿಗ್ಗೆ ನಮ್ಮ ಸೊಸೈಟಿಯ ಸತ್ಯನಾರಾಯಣ ಪೂಜೆಗೆಂದು ಕೆಳಗೆ ದೊಡ್ಡ ಪಾತ್ರೆಯಲ್ಲಿ ಚಾ ಕುದಿಯುತ್ತಿತ್ತು. ಶುಂಠಿ ಜಜ್ಜಿ ಹಾಕಿದ ಆ ವಾಸನೆ ಮೂರನೇ ಮಹಡಿಯ ನಮ್ಮ ಬಾಗಿಲಿಗೂ ಹತ್ತಿ ಬಂತು. ಐವತ್ತು ಜನರಿಗೆ ಒಟ್ಟಿಗೆ ಮಾಡಿದ ಚಾಕ್ಕೆ ಬೇರೆಯೇ ಒಂದು ವಾಸನೆ, ನೀವೂ ಗಮನಿಸಿರಬಹುದು. ನನಗಂತೂ ಅದು ಅಡಗಿ ಕೂತ ದಿನಗಳ ವಾಸನೆ.

ನಮ್ಮದು ಉಡುಪಿ ಕಡೆಯ ಕ್ರೈಸ್ತ ಕುಟುಂಬ. ಮದುವೆಯಾಗಿ ಡೊಂಬಿವಲಿಗೆ ಬಂದವಳು ನಾನು. ಠಾಣೆಯಲ್ಲಿ ಮರಾಠಿ ಸಭೆಯವರ ಚರ್ಚಿನಲ್ಲಿ ಭಾನುವಾರ ಸಂಜೆ ನಾಲ್ಕಕ್ಕೆ ನಮ್ಮ ಕನ್ನಡ ಆರಾಧನೆ. ಬೆಳಿಗ್ಗೆ ಅವರು ಕೂತ ಬೆಂಚು ಸಂಜೆ ನಮಗೂ ಬೆಚ್ಚಗೆ ಸಿಗುತ್ತದೆ ಎಂದು ನನ್ನವರು ತಮಾಷೆ ಮಾಡುವುದುಂಟು. ತಿಂಗಳ ಮೊದಲ ಭಾನುವಾರ ಕರ್ತನ ಭೋಜನ. ಯಾರ ಮೇಲಾದರೂ ಹಗೆ ಇಟ್ಟುಕೊಂಡು ಆ ರೊಟ್ಟಿಗೆ, ಆ ದ್ರಾಕ್ಷಾರಸಕ್ಕೆ ಮೊಣಕಾಲೂರಬಾರದು ಎಂದು ಅಮ್ಮ ಚಿಕ್ಕಂದಿನಲ್ಲೇ ಹೆದರಿಸಿಟ್ಟಿದ್ದಳು.

ನನ್ನ ಹಗೆ ಡೇಜಿಯಕ್ಕನ ಮೇಲೆ. ಆಕೆ ನನ್ನ ಓರಗಿತ್ತಿ, ಮನೆ ಕಲ್ಯಾಣದಲ್ಲಿ, ಬರುವುದು ಇದೇ ಆರಾಧನೆಗೆ. ಅತ್ತೆ ಹಾಸಿಗೆ ಹಿಡಿದು ಆರು ತಿಂಗಳು ಅವಳಲ್ಲೇ ಇದ್ದು ತೀರಿಕೊಂಡರು. ಮಣ್ಣು ಮಾಡಿದ ದಿನ ನೆಂಟರೆಲ್ಲರ ಎದುರು ಅವಳು, "ಎರಡು ಸ್ಟೇಷನ್ ಆಚೆಯಿಂದ ಬರ್ಲಿಕ್ಕೆ ಇವಳಿಗೆ ಪುರುಸೊತ್ತಿರ್ಲಿಲ್ಲ. ಈಗ ಹೂ ಹಿಡ್ಕೊಂಡು ಬಂದಿದ್ದಾಳೆ," ಎಂದಳು.

ಅಲ್ಲಿಗೆ ಮಾತು ನಿಂತಿತು. ಮೊದಲ ಭಾನುವಾರ ಬಂತೆಂದರೆ, ಆರಾಧನೆ ಮುಗಿದ ಮೇಲೆ ಎಲ್ಲರಿಗೂ ಕೊಡುವ ಚಾ ಮಾಡುವ ಪಾಳಿ ನಾನೇ ಕೇಳಿ ಪಡೆಯುತ್ತಿದ್ದೆ. ಎಲ್ಲರೂ ಎದ್ದು ಮುಂದೆ ಹೋಗುವ ಹೊತ್ತಿಗೆ ಸರಿಯಾಗಿ ನನಗೆ ಹಿಂದಿನ ಕೋಣೆಯಲ್ಲಿ ಹಾಲು ಉಕ್ಕುವ ಚಿಂತೆ. ಎರಡು ವರ್ಷ ಯಾರಿಗೂ ಸಂಶಯ ಬರಲಿಲ್ಲ. ನನ್ನ ಸೇವಾ ಮನೋಭಾವವನ್ನು ನಮ್ಮ ಪಾದ್ರಿ ಅಯ್ಯನವರು ಒಮ್ಮೆ ಪ್ರಸಂಗದಲ್ಲಿ ಹೊಗಳಿದ್ದೂ ಉಂಟು. ನಾನು ತಲೆ ತಗ್ಗಿಸಿದ್ದು ವಿನಯವೆಂದು ಎಲ್ಲರೂ ತಿಳಿದರು.

ಆಮೇಲೆ ಚರ್ಚಿನಲ್ಲಿ ಮೂರು ಸಂಜೆಯ ಉಜ್ಜೀವನ ಕೂಟ ಬಂತು, ಹೊರಗಿನ ಬೋಧಕರನ್ನು ಕರೆಸಿ ನಡೆಸುವ ವಿಶೇಷ ಪ್ರಾರ್ಥನೆ. ತುರ್ಭೆಯ ಮಾರ್ಕೆಟ್ಟಿನಲ್ಲಿ ಲೋಡಿಂಗ್ ಕೆಲಸ ಮಾಡುತ್ತಿದ್ದು ಬೋಧಕರಾದ ಒಬ್ಬರು ಮಾತಾಡಿದರು. ಗೋಡೆಯಾಚೆ ಜನ ಅಳುತ್ತಿದ್ದರು, ಈಚೆ ನಾನು ಸಕ್ಕರೆ ಅಳೆಯುತ್ತಿದ್ದೆ. ಮೂರನೇ ಸಂಜೆ ಅವರು ಗಂಟಲಿಗೆ ಬಿಸಿನೀರು ಕೇಳಿಕೊಂಡು ಒಳಗೆ ಬಂದರು.

"ಅಕ್ಕ, ನೀವು ಒಂದು ದಿನವೂ ಬಂದು ಕೂತಿಲ್ಲ."

"ಚಾ ಯಾರು ಮಾಡುವುದು ಅಯ್ಯನವರೇ?"

"ಚಾ ಅರ್ಧ ಗಂಟೆ ತಡ ಆದ್ರೆ ಯಾರೂ ಸಾಯುವುದಿಲ್ಲ." ನೀರು ಕುಡಿದು ಲೋಟ ತಾವೇ ತೊಳೆದಿಟ್ಟು ಹೋದರು. ಅಷ್ಟೇ. ಪ್ರಸಂಗವನ್ನು ತಡೆದುಕೊಂಡಿದ್ದೆ, ಇದನ್ನು ತಡೆದುಕೊಳ್ಳಲಾಗಲಿಲ್ಲ.

ಮರುದಿನ ಶನಿವಾರ ಕಲ್ಯಾಣದ ಲೋಕಲ್ ಹತ್ತಿದೆ. ನಾವಿಬ್ಬರೂ ಪರಸ್ಪರ ಕ್ಷಮಿಸಬೇಕು ಎಂದು ಒಂದು ಚಂದದ ಭಾಷಣ ದಾರಿಯಲ್ಲಿ ಜೋಡಿಸಿಕೊಂಡಿದ್ದೆ. ಡೇಜಿಯಕ್ಕ ಬಸಳೆ ಕೊಯ್ಯುತ್ತಿದ್ದಳು. ತಲೆ ಎತ್ತದೆ, "ಎಂತ, ದಾರಿ ತಪ್ಪಿತಾ?" ಎಂದಳು.

ಭಾಷಣ ಮರೆತೇಹೋಯಿತು. "ಅಕ್ಕ, ಪುರುಸೊತ್ತಿತ್ತು," ಎಂದೆ. "ಅತ್ತೆಯ ಬೆನ್ನಿನ ಹುಣ್ಣು ತೊಳೆಯಲಿಕ್ಕೆ ನಂಗೆ ಹೇಸಿಗೆ ಆಗ್ತಿತ್ತು. ಅದಕ್ಕೇ ಬರ್ಲಿಲ್ಲ."

ಚೂರಿ ನಿಂತಿತು. "ನಂಗೂ ಆಗ್ತಿತ್ತು ಮಾರಾಯ್ತಿ. ಮೂಗಿಗೆ ಬಟ್ಟೆ ಕಟ್ಟಿಕೊಂಡು ತೊಳೀತಿದ್ದೆ. ಅತ್ತೆ ಅದನ್ನು ನೋಡ್ತಿದ್ರು." ಚೂರಿ ಬದಿಗಿಟ್ಟು, "ಕೂತ್ಕೋ. ಪ್ರಾರ್ಥನೆ ಮಾಡು," ಎಂದಳು.

ಬಾಯಿಪಾಠದ ಪ್ರಾರ್ಥನೆ ಒಂದೂ ನೆನಪಿಗೆ ಬರಲಿಲ್ಲ. "ದೇವರೇ, ನಾನು ಹೋಗಲಿಲ್ಲ" ಎಂದಷ್ಟೇ ಎರಡು ಸಲ ಹೇಳಿದೆ. ಅವಳು ಆಮೆನ್ ಎಂದಳು. ಚಿಕ್ಕಂದಿನಿಂದ ಎಷ್ಟೋ ಪ್ರಾರ್ಥನೆ ಹೇಳಿದ್ದೇನೆ, ಆದರೆ ಯಾರೋ ಕೇಳುತ್ತಿದ್ದಾರೆ ಅನ್ನಿಸಿದ್ದು ಅವತ್ತೇ. ಮಾರನೆಯ ದಿನ ಮೊದಲ ಭಾನುವಾರ. ಎಲ್ಲರೊಂದಿಗೆ ಮುಂದೆ ಹೋಗಿ ಮೊಣಕಾಲೂರಿದೆ, ರೊಟ್ಟಿ ತೆಗೆದುಕೊಂಡೆ. ಚಾ ಅರ್ಧ ಗಂಟೆ ತಡವಾಯಿತು. ಯಾರೂ ಸಾಯಲಿಲ್ಲ.

ಇದಾಗಿ ಏಳೆಂಟು ವರ್ಷ. ಎಲ್ಲರೆದುರು ಹಾಗೆ ಅಂದದ್ದು ತಪ್ಪಾಯಿತು ಎಂದು ಡೇಜಿಯಕ್ಕ ಇವತ್ತಿನವರೆಗೂ ಹೇಳಿಲ್ಲ. ಮೊದಮೊದಲು ನಾನು ಕಾದದ್ದುಂಟು. ಮೊಣಕಾಲೂರಿದಾಗಲೂ ಓರೆಗಣ್ಣಲ್ಲಿ ಅವಳ ಮುಖ ನೋಡುತ್ತಿದ್ದೆ, ಸುಳ್ಳೇಕೆ ಹೇಳಲಿ.

ಇವತ್ತೂ ಮೊದಲ ಭಾನುವಾರವೇ. ಮಧ್ಯಾಹ್ನ ಡೊಂಬಿವಲಿ ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದಾಗ ಅವಳ ಫೋನು ಬಂತು. "ಕಲ್ಯಾಣ ಬಿಟ್ಟಿತು. ಮುಂದಿನ ಲೇಡೀಸ್ ಡಬ್ಬ. ಬೇಗ ಹತ್ತು." ಕಾಲ್ ಕಟ್ ಮಾಡಲು ಮರೆತಿದ್ದಳು. ಅವಳು ಹಿಡಿದಿಟ್ಟ ಪಕ್ಕದ ಸೀಟಿಗಾಗಿ ಯಾರೋ ಹೆಂಗಸು ಜಗಳಕ್ಕೆ ನಿಂತದ್ದು, ಇವಳು ತನ್ನ ಉಡುಪಿಯ ಹಿಂದಿಯಲ್ಲಿ ಗದರಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು: "ಉದರ್ ನಹೀ ಬೈಠನೇ ಕಾ. ಮೇರಾ ಬೆಹೆನ್ ಆತಾ ಹೈ."