ಒಂಟಿ ಕಿವಿಯ ಕಿಟಕಿ

ನಾನು ಚಿಕ್ಕವನಿದ್ದಾಗ ಒಂದು ಕಡೆ ಕೂತವನೇ ಅಲ್ಲ. ಈಗಲೂ ಕೂರುವುದಿಲ್ಲ, ಅದು ನಿಮಗೆ ಗೊತ್ತೇ ಇದೆ ಮಕ್ಕಳೇ. ಇಷ್ಟು ಬರೆಯುವುದರೊಳಗೆ ಎರಡು ಸಲ ಎದ್ದು ಅಂಗಳ ಸುತ್ತಿ ಬಂದೆ. ಆದರೆ ಆಗಿನ ಚಡಪಡಿಕೆಗೆ ಒಂದು ಕಾರಣವಿತ್ತು. ಮೈಸೂರಿನಿಂದ ಅಮೆರಿಕಕ್ಕೆ ಬಂದ ಮೇಲೆ ನಾವು ಮೊದಲು ಇದ್ದದ್ದು ಫೋರ್ಟ್ ಲೀಯಲ್ಲಿ, ಹನ್ನೊಂದನೇ ಮಹಡಿಯಲ್ಲಿ. ಕಿಟಕಿಯಿಂದ ದೊಡ್ಡ ಸೇತುವೆ ಕಾಣುತ್ತಿತ್ತು. ಅದರ ಮೇಲೆ ಕಾರುಗಳು ದಿನವಿಡೀ ಓಡುತ್ತಿದ್ದವು, ನಾನು ಮಾತ್ರ ಓಡುವಂತಿರಲಿಲ್ಲ. ಎರಡು ಹೆಜ್ಜೆ ಜೋರಾಗಿ ಇಟ್ಟರೆ ಸಾಕು, ಕೆಳಗಿನ ಮನೆಯವರು ಪೊರಕೆಯ ಹಿಡಿಯಿಂದ ತಮ್ಮ ಚಾವಣಿಗೆ ಕುಟ್ಟುತ್ತಿದ್ದರು. ಆ ಸದ್ದು ಕೇಳಿದೊಡನೆ ಅಮ್ಮ ನನ್ನ ರಟ್ಟೆ ಹಿಡಿದು ಸೋಫಾದ ಮೇಲೆ ಕುಕ್ಕಿ ಕೂರಿಸುತ್ತಿದ್ದಳು.

ನನಗೆ ಒಂಬತ್ತು ವರ್ಷವಾದಾಗ ಅಪ್ಪನಿಗೆ ಮಾರಿಸ್‌ಟೌನ್ ಕಡೆ ಕೆಲಸವಾಯಿತು. ಊರಾಚೆ ಒಂದು ಹಳೆಯ ರೈತರ ಮನೆ ಬಾಡಿಗೆಗೆ ಸಿಕ್ಕಿತು. ನೀವು ರಜೆಗೆ ಬರುತ್ತೀರಲ್ಲ, ಈ ಮನೆಯೇ ಅದು. ಹೊರಗೋಡೆಗೆ ಉದ್ದುದ್ದ ಮರದ ಹಲಗೆ ಹೊದಿಸಿದ್ದರು. ಅದರ ಬಿಳಿ ಬಣ್ಣ ಅಲ್ಲಲ್ಲಿ ಹಪ್ಪಳದ ಹಾಗೆ ಉಬ್ಬಿತ್ತು, ಉಗುರಿನಿಂದ ಎಬ್ಬಿಸಿದರೆ ಪಟ್ಟನೆ ಮುರಿಯುತ್ತಿತ್ತು. ಕೆಳಗೆ ಒರಟು ಕಲ್ಲಿನ ತಳಪಾಯ, ಮುಂದೆ ಉದ್ದಕ್ಕೂ ಪೋರ್ಚ್. ಅಮ್ಮ ಮೊದಲ ದಿನವೇ ಅದನ್ನು ಜಗಲಿ ಎಂದು ಕರೆದಳು, ಹೆಸರು ಹಾಗೇ ಉಳಿಯಿತು. ಜಗಲಿಯ ಕಂಬದಲ್ಲಿ ತಗಡಿನ ಲಾಟೀನು, ಮೆಟ್ಟಿಲ ಪಕ್ಕ ಹೂಗಿಡ ನೆಟ್ಟ ಹಳೆಯ ಹಾಲಿನ ಕ್ಯಾನು, ಗೋಡೆಗೆ ಒರಗಿಸಿಟ್ಟ ಗಾಡಿಯ ಚಕ್ರ. ಹಿತ್ತಲಲ್ಲಿ ಕೆಮ್ಮಣ್ಣು ಬಳಿದಂಥ ಕೆಂಪು ಕೊಟ್ಟಿಗೆ, ಅದರಾಚೆ ಇಳಿಜಾರು, ಕೆಳಗೆ ಸಣ್ಣ ತೊರೆ. ಎಲ್ಲಕ್ಕಿಂತ ಹೆಚ್ಚಾಗಿ, ನಮ್ಮ ಕೆಳಗೆ ಇನ್ನೊಂದು ಮನೆಯೇ ಇರಲಿಲ್ಲ. ಬೆಳಗಿನಿಂದ ಸಂಜೆಯವರೆಗೆ ಓಡಿದರೂ ಕೇಳುವವರಿರಲಿಲ್ಲ.

ಮನೆಯ ಒಡತಿ ಒಬ್ಬ ಅಮೆರಿಕನ್ ಅಜ್ಜಿ. ಅವರು ಮಗಳ ಊರಿಗೆ ಹೋಗಿ ನೆಲೆಸಿದ್ದರು. ಆ ಬೇಸಿಗೆಯಲ್ಲಿ ಮನೆ ಮಾರುವ ಮನಸ್ಸು ಮಾಡಿದರು. ಕೊಳ್ಳಲು ಅಪ್ಪ ಸಿದ್ಧರಿದ್ದರು, ಇನ್ನೊಬ್ಬರೂ ಸಿದ್ಧರಿದ್ದರು. ಆ ಇನ್ನೊಬ್ಬರು ಮನೆಯ ಮೈತುಂಬ ಅಲ್ಯುಮಿನಿಯಂ ತಗಡು ಹೊದಿಸುವವರಂತೆ. ಅದು ಅಜ್ಜಿಗೆ ಹಿಡಿಸಿರಲಿಲ್ಲ. ಹಾಗೆಂದು ನಾವು ಮನೆಯನ್ನು ಹೇಗೆ ಇಟ್ಟುಕೊಂಡಿದ್ದೇವೆ ಎಂದೂ ಅವರಿಗೆ ಗೊತ್ತಿರಲಿಲ್ಲ. ಶನಿವಾರ ನಾಲ್ಕು ಗಂಟೆಗೆ ಬಂದು ಹೊರಗಿನಿಂದ ನೋಡಿ, ಯಾರಿಗೆ ಕೊಡುವುದೆಂದು ಅಲ್ಲೇ ಹೇಳುತ್ತೇನೆ ಎಂದು ಫೋನ್ ಮಾಡಿದರು. ನಮಗೆ ಸಿಗದಿದ್ದರೆ ಮತ್ತೆ ಫೋರ್ಟ್ ಲೀ, ಮತ್ತೆ ಆ ಪೊರಕೆ. ನನಗೆ ಅನ್ನ ಸೇರಲಿಲ್ಲ.

ಫೋನ್ ಇಡುವ ಮೊದಲು ಅಜ್ಜಿ ಇನ್ನೊಂದು ಮಾತು ಹೇಳಿದ್ದರು. ತಾವು ಬರುವಾಗ ಶಟರ್ಸ್ ಅಪ್ ಆಗಿರಬೇಕು ಎಂದು.

ಮೈಸೂರಿನಲ್ಲಿ ಶಟರ್ ಎಂದರೆ ಅಂಗಡಿಯ ಮುಂದೆ ಗರಗರನೆ ಮೇಲೇಳುವ ಕಬ್ಬಿಣದ ಬಾಗಿಲು. ಬೆಳಿಗ್ಗೆ ಶಟರ್ ಎತ್ತುತ್ತಾರೆ, ರಾತ್ರಿ ಶಟರ್ ಎಳೆಯುತ್ತಾರೆ. ಈ ಮನೆಯಲ್ಲಿ ಹಾಗೆ ಮೇಲೇಳುವುದು ಒಂದೇ ಒಂದಿತ್ತು, ಗ್ಯಾರೇಜಿನ ಬಾಗಿಲು. ಅದೂ ತುಕ್ಕು ಹಿಡಿದು ಅರ್ಧಕ್ಕೇ ನಿಲ್ಲುತ್ತಿತ್ತು.

"ಶಟರ್ಸ್ ಅಂದ್ರಲ್ಲಾ, ಇಲ್ಲಿ ಇರೋದು ಒಂದೇ ಅಲ್ವೇನ್ರೀ?" ಎಂದಳು ಅಮ್ಮ.

"ಇವರು ಎಲ್ಲದಕ್ಕೂ ಒಂದು ಎಸ್ ಸೇರಿಸ್ತಾರೆ ಕಣೇ. ಪ್ಯಾಂಟ್ಸ್ ಅನ್ನಲ್ವಾ, ಸಿಸರ್ಸ್ ಅನ್ನಲ್ವಾ? ಇದೂ ಹಾಗೇ," ಎಂದರು ಅಪ್ಪ. ಅಪ್ಪ ಇಂಜಿನಿಯರು. ಅವರು ಅಷ್ಟು ಖಚಿತವಾಗಿ ಹೇಳಿದ ಮೇಲೆ ಎದುರು ಮಾತಾಡುವವರು ಯಾರು?

ಶನಿವಾರ ಬಂತು. ಜುಲೈ ತಿಂಗಳ ಸೆಕೆ, ಎಲೆ ಅಲುಗುತ್ತಿರಲಿಲ್ಲ, ಅಂಗಿ ಬೆನ್ನಿಗೆ ಅಂಟುತ್ತಿತ್ತು. ಅಪ್ಪ ಬೆಳಿಗ್ಗೆ ಏಳಕ್ಕೇ ಗ್ಯಾರೇಜಿನ ಬಾಗಿಲಿಗೆ ಬಿದ್ದರು. ಎಣ್ಣೆ ಹಾಕುವುದು, ಎತ್ತುವುದು, ಅದು ಕಿರ್ರೆಂದು ಕಿರುಚಿ ಮತ್ತೆ ಕೆಳಗೆ ಜಾರುವುದು. ಪ್ರತಿ ಸಲ ಅದು ಕಿರುಚಿದಾಗಲೂ ನನ್ನ ಹಲ್ಲು ಜುಂ ಎನ್ನುತ್ತಿತ್ತು. ಅಕ್ಕ ಜಗಲಿ ತೊಳೆದು, ಮೇಪಲ್ ಎಲೆಗಳನ್ನು ದಾರಕ್ಕೆ ಪೋಣಿಸಿ ಬಾಗಿಲಿಗೆ ತೋರಣ ಕಟ್ಟಿದಳು. ಕಟ್ಟಿ, ಬಿಚ್ಚಿ, ಮತ್ತೆ ಕಟ್ಟಿದಳು. ಅಮ್ಮ ಹಿತ್ತಲಲ್ಲಿ ಸಬ್ಬಕ್ಕಿ ಸಂಡಿಗೆ ಇಡುತ್ತಿದ್ದಳು. ಆಗ ಐಸೆಲಿನ್ ಊರಿನಲ್ಲಿ ಈಗಿನ ಹಾಗೆ ನಮ್ಮ ದೇಶದವರ ಅಂಗಡಿಗಳ ಸಾಲಿರಲಿಲ್ಲ. ಸಬ್ಬಕ್ಕಿಯೊಂದು ಮಾತ್ರ ಇಲ್ಲಿಯ ಅಂಗಡಿಯಲ್ಲೂ ಬೇರೆ ಹೆಸರಿನಲ್ಲಿ ಸಿಗುತ್ತಿತ್ತು. ಇಂಥ ದಿನ ಸಂಡಿಗೆ ಏಕೆ ಎಂದು ಅಪ್ಪ ರೇಗಿದರು. ಸುಮ್ಮನೆ ಕೂತರೆ ತನಗೆ ತಲೆ ಕೆಡುತ್ತದೆ ಎಂದಳು ಅಮ್ಮ. ನಾನು ಯಾರ ಮಗ ಎಂದು ನಿಮಗೆ ಈಗ ತಿಳಿದಿರಬೇಕು.

ಸಂಡಿಗೆ ಒಣಗಿಸಲು ಅಮ್ಮನಿಗೆ ಒಳ್ಳೆಯ ಹಲಗೆಗಳು ಸಿಕ್ಕಿದ್ದವು. ಕೊಟ್ಟಿಗೆಯಲ್ಲಿ ಹಸಿರು ಬಣ್ಣದ ಎಂಟು ಹಲಗೆ ಒಂದರ ಮೇಲೊಂದು ಪೇರಿಸಿದ್ದವು. ಒಂದೊಂದೂ ನನಗಿಂತ ಎತ್ತರ, ಪ್ರತಿಯೊಂದರ ತಲೆಯ ಬಳಿ ಪೈನ್ ಮರದ ಆಕಾರದ ತೂತು. ಯಾವುದೋ ಹಳೆಯ ಬೀರುವಿನ ಬಾಗಿಲುಗಳಿರಬೇಕೆಂದು ಅಪ್ಪ ಅಂದಿದ್ದರು. ಅಮ್ಮ ಅವನ್ನು ತೊಳೆದು, ಇಟ್ಟಿಗೆಗಳ ಮೇಲೆ ಮಲಗಿಸಿ, ಅಪ್ಪನ ಹಳೆಯ ಪಂಚೆ ಹಾಸಿ ಸಂಡಿಗೆ ಇಡುತ್ತಿದ್ದಳು. ಏಳು ಹಲಗೆ ಅಮ್ಮನದು. ಎಂಟನೆಯದು ನನ್ನದು. ವಸಂತದಲ್ಲೇ ಅದನ್ನು ಎಳೆದುಕೊಂಡು ಹೋಗಿ ತೊರೆಗೆ ಅಡ್ಡಲಾಗಿ ಹಾಕಿದ್ದೆ. ಅದರ ಮೇಲೆ ಓಡಿದರೆ ನಡುವೆ ಒಂದು ಸಲ ಜಗ್ಗಿ ನಮ್ಮನ್ನು ಮೇಲಕ್ಕೆ ಎಸೆಯುತ್ತಿತ್ತು. ಅವತ್ತು ಬೆಳಗಿನಿಂದ ಅದರ ಮೇಲೆ ನಲವತ್ತು ಸಲವಾದರೂ ಓಡಿರಬೇಕು. ಓಡುತ್ತಲೇ ಇದ್ದರೆ ನಾಲ್ಕು ಗಂಟೆ ಬೇಗ ಬರುತ್ತದೋ, ತಡವಾಗಿ ಬರುತ್ತದೋ ಎಂದು ಯೋಚಿಸುತ್ತಿದ್ದೆ. ಯಾವುದು ಬೇಕೆಂದು ನನಗೇ ಗೊತ್ತಿರಲಿಲ್ಲ.

ಮೂರೂವರೆಯ ಹೊತ್ತಿಗೆ ನೀರು ಕುಡಿಯಲು ಒಳಗೆ ಬಂದೆ. ನಡುಮನೆಯ ಗೂಟಗಳಲ್ಲಿ ಚಳಿಗಾಲದಿಂದಲೂ ನೇತಾಡುತ್ತಿದ್ದ ನಮ್ಮ ಕೋಟುಗಳನ್ನು ಅಮ್ಮ ಅವತ್ತು ತೆಗೆದಿಟ್ಟಿದ್ದಳು. ಅವುಗಳ ಹಿಂದೆ ಚೌಕಟ್ಟು ಹಾಕಿದ ಒಂದು ಫೋಟೋ ಇತ್ತು, ಇದೇ ಮನೆಯದು. ಅದರಲ್ಲಿ ಮುಂಭಾಗದ ನಾಲ್ಕೂ ಕಿಟಕಿಗಳಿಗೆ ಅತ್ತ ಒಂದು, ಇತ್ತ ಒಂದು ಕಿವಿಗಳಿದ್ದವು. ಹತ್ತಿರ ಹೋಗಿ ಮೂಗು ಒತ್ತಿ ನೋಡಿದೆ. ಪ್ರತಿ ಕಿವಿಯಲ್ಲೂ ಒಂದು ಪುಟ್ಟ ಪೈನ್ ಮರ.

"ಅಕ್ಕಾ!" ಎಂದು ಅರಚಿದೆ. ಅಕ್ಕ ಓಡಿ ಬಂದು ಫೋಟೋ ನೋಡಿದಳು. ನಿಂತಲ್ಲೇ ಯೋಚಿಸಿ, ಅಪ್ಪನ ದಪ್ಪ ಡಿಕ್ಷನರಿ ತೆಗೆದು ಪುಟ ತಿರುವಿದಳು. ಆಮೇಲೆ ಡಿಕ್ಷನರಿಯನ್ನು ಎದೆಗೆ ಅವಚಿಕೊಂಡೇ ಹೊರಗೆ ಓಡಿದಳು. "ಅಪ್ಪಾ, ಶಟರ್ಸ್ ಅಂದ್ರೆ ಗ್ಯಾರೇಜ್ ಬಾಗಿಲಲ್ಲ! ಕಿಟಕಿ ಹೊರಗಡೆ ಹಾಕೋ ಮರದ ಬಾಗಿಲು! ಅಮ್ಮ ಸಂಡಿಗೆ ಇಟ್ಟಿರೋದು ಅದರ ಮೇಲೇ!"

ಆಗಷ್ಟೇ ಗ್ಯಾರೇಜಿನ ಬಾಗಿಲು ಪೂರ್ತಿ ಮೇಲೆ ನಿಂತಿತ್ತು. ಅಪ್ಪ ಅದನ್ನು ಹಗ್ಗದಿಂದ ಬಿಗಿಯುತ್ತಿದ್ದರು. ಎಣ್ಣೆ ಮೆತ್ತಿದ ಕೈಯಲ್ಲೇ ತಲೆ ಚಚ್ಚಿಕೊಂಡರು. ಹಣೆಯ ಮೇಲೆ ಐದು ಬೆರಳೂ ಮೂಡಿದವು.

ಆಮೇಲಿನದು ಬರೀ ಗಡಿಬಿಡಿ. "ಇನ್ನೂ ಹಸಿ ಇದೆ ಕಣ್ರೀ!" ಎಂದು ಅಮ್ಮ ಗೋಳಾಡುತ್ತಲೇ ಪಂಚೆಗಳನ್ನು ಎಳೆದಳು. ಸಂಡಿಗೆ ಹಿಟ್ಟು ಬಟ್ಟೆ ದಾಟಿ ಹಲಗೆಗೂ ಅಂಟಿತ್ತು, ಪೈನ್ ಮರದ ತೂತುಗಳಲ್ಲಿ ಮೆತ್ತಿಕೊಂಡು ಹಿಮ ಬಿದ್ದ ಹಾಗೆ ಕಾಣುತ್ತಿತ್ತು. ಕಿಟಕಿಗಳ ಪಕ್ಕ ಕಬ್ಬಿಣದ ಕೊಕ್ಕೆಗಳಿದ್ದವು. ಅವುಗಳಿಗೆ ಅಮ್ಮ ಬಟ್ಟೆ ಒಣಗಿಸುವ ಹಗ್ಗ ಕಟ್ಟಿದ್ದಳು. ಅಕ್ಕ ಹಗ್ಗ ಕತ್ತರಿಸಿದಳು. ಅಪ್ಪ ಏಣಿ ಹತ್ತಿ ಇಳಿದು, ಇಳಿದು ಹತ್ತಿ ಹಲಗೆಗಳನ್ನು ಕೊಕ್ಕೆಗೆ ಸಿಕ್ಕಿಸಿದರು. ಏಳು ಮುಗಿದವು.

"ಇನ್ನೊಂದೆಲ್ಲೋ?" ಎಂದರು ಅಪ್ಪ, ಏಣಿಯ ಮೇಲಿನಿಂದ.

ಇಡೀ ಮನೆಯಲ್ಲಿ ಅದು ಗೊತ್ತಿದ್ದದ್ದು ನನಗೊಬ್ಬನಿಗೆ. ಹೇಳಿದರೆ ಮನೆ ಕೈತಪ್ಪುವುದು ನನ್ನಿಂದಲೇ ಎಂದು ಎಲ್ಲರಿಗೂ ತಿಳಿಯುತ್ತದೆ. ಹೇಳದಿದ್ದರೂ ತಪ್ಪುತ್ತದೆ. ತೊರೆಯ ಕಡೆಗೆ ಓಟ ಕಿತ್ತೆ.

ನಾಲ್ಕು ತಿಂಗಳು ನೀರು, ಕೆಸರು, ನನ್ನ ತುಳಿತ ತಿಂದ ಹಲಗೆ ಸೊಟ್ಟಗಾಗಿತ್ತು. ಅಂಚಿನಲ್ಲಿ ಪಾಚಿ ಹತ್ತಿತ್ತು. ನೀರು ಕುಡಿದು ಎಮ್ಮೆಯ ಹಾಗೆ ಭಾರವಾಗಿತ್ತು. ಇಳಿಜಾರಿನಲ್ಲಿ ಅದನ್ನು ಎಳೆಯುತ್ತಾ, ಬೀಳುತ್ತಾ, ಏಳುತ್ತಾ ಬಂದು ಮನೆಯ ಮೂಲೆ ತಿರುಗಿದೆ. ಎದುರಿಗೇ ಅಜ್ಜಿ ನಿಂತಿದ್ದರು.

ಹುಲ್ಲಿನ ಟೋಪಿ, ಗಂಡಸರ ಬೂಟು, ಉದ್ದನೆಯ ಕೈಕಾಲು. ಅವರು ನನ್ನನ್ನೂ ಹಲಗೆಯನ್ನೂ ನೋಡಿದರು, ಕಿಟಕಿಗಳ ಕಡೆ ನಡೆದರು. ಆಗ ನಾನೂ ನೋಡಿದೆ. ಅವಸರದಲ್ಲಿ ಅಪ್ಪ ಎಡದ್ದನ್ನು ಬಲಕ್ಕೆ ಹಾಕಿದ್ದರು. ಎರಡು ಪೈನ್ ಮರಗಳು ತಲೆಕೆಳಗಾಗಿ ನಿಂತಿದ್ದವು. ಅಜ್ಜಿ ಏಣಿಯನ್ನು ತಾವೇ ಹಿಡಿದು ಅಪ್ಪನಿಗೆ ಹತ್ತಿ ಸರಿಮಾಡಲು ಸನ್ನೆ ಮಾಡಿದರು. ಅಮ್ಮ ಕುರ್ಚಿ ತಂದು ಹಾಕಿದಳು. ಕೂತರು, ಎದ್ದರು. ಮತ್ತೆ ಕೂತರು, ಮತ್ತೆ ಎದ್ದರು. ಹಾಲಿನ ಕ್ಯಾನನ್ನು ಒಂದು ಗೇಣು ಸರಿಸಿದರು, ತೋರಣದ ಎಲೆ ಮುಟ್ಟಿ ನೋಡಿದರು. ಇವರೂ ನನ್ನ ಹಾಗೆಯೇ ಅನ್ನಿಸಿ, ಅಷ್ಟು ಭಯದಲ್ಲೂ ನನಗೆ ಸ್ವಲ್ಪ ಧೈರ್ಯ ಬಂತು.

ಕೆಳಗಿನ ಕಿಟಕಿಯ ಒಂದು ಜೋಡಿಯನ್ನು ಅಜ್ಜಿ ಮುಚ್ಚಿದರು, ತೆರೆದರು, ಮತ್ತೆ ಮುಚ್ಚಿದರು. ಆ ಇನ್ನೊಬ್ಬರು ಇವನ್ನು ತೆಗೆದು ಪ್ಲಾಸ್ಟಿಕ್‌ನವನ್ನು ಗೋಡೆಗೆ ಸ್ಕ್ರೂ ಹೊಡೆಸುತ್ತಾರಂತೆ, ಮುಚ್ಚಲಾಗದ ಶಟರ್ ಯಾರಿಗೆ ಬೇಕು ಎಂದು ಗೊಣಗಿದರು. ಅಕ್ಕ ಅದನ್ನು ಅಮ್ಮನಿಗೆ ಕನ್ನಡದಲ್ಲಿ ಹೇಳಿದಳು. ಆಮೇಲೆ ಅಜ್ಜಿ ಖಾಲಿ ಜಾಗದ ಮುಂದೆ ನಿಂತು ನನ್ನತ್ತ ತಿರುಗಿದರು.

ನಾನು ಹೇಳಿಬಿಟ್ಟೆ. ಅರ್ಧ ಇಂಗ್ಲಿಷು, ಅರ್ಧ ಕನ್ನಡ, ಉಳಿದದ್ದು ಅಳು. ತೊರೆ, ಸೇತುವೆ, ಫೋರ್ಟ್ ಲೀ, ಪೊರಕೆ ಎಲ್ಲವೂ ಬಂತು. ಅಪ್ಪ ನೆಲ ನೋಡುತ್ತಿದ್ದರು.

ಅಜ್ಜಿ ಹಲಗೆಯ ಒಂದು ತುದಿ ಎತ್ತಿದರು. ಇನ್ನೊಂದು ತುದಿ ಹಿಡಿಯುವಂತೆ ನನಗೆ ತಲೆಯಾಡಿಸಿದರು. ಇಬ್ಬರೂ ಇಳಿಜಾರು ಇಳಿದೆವು. ಹಿಂದೆ ಅಪ್ಪ, ಅಮ್ಮ, ಅಕ್ಕ. ಹಲಗೆಯನ್ನು ಮೊದಲಿದ್ದ ಜಾಗದಲ್ಲೇ ಹಾಕಿದ ಮೇಲೆ ಅಜ್ಜಿ ಅದರ ಮೇಲೆ ಒಂದು ಬೂಟು ಇಟ್ಟರು, ಆಮೇಲೆ ಇನ್ನೊಂದು. ನಡುವೆ ಅದು ಜಗ್ಗಿತು. ಅಮ್ಮ ಬಾಯಿಗೆ ಸೆರಗು ಹಿಡಿದಳು. ಅಜ್ಜಿ ಆಚೆ ದಡ ಮುಟ್ಟಿ, ತಿರುಗಿ ಈಚೆ ಬಂದು ಹೇಳಿದರು: ಇದು ಇಲ್ಲೇ ಇರಲಿ, ಆ ಕಿಟಕಿಗೆ ಒಂದು ಸಾಕು, ನಾಳೆ ಆ ಇನ್ನೊಬ್ಬರಿಗೆ ಬರಬೇಡಿ ಎಂದು ಫೋನ್ ಮಾಡುತ್ತೇನೆ.

ಅಪ್ಪ ಸುಮ್ಮನೆ ತಲೆಯಾಡಿಸುತ್ತಿದ್ದರು. "ಮನೆ ನಮಗೇ ಅಂತೆ ಅಪ್ಪಾ," ಎಂದು ಅಕ್ಕ ಹೇಳಿದ ಮೇಲೆಯೇ ಅವರಿಗೆ ಅರ್ಥವಾದದ್ದು. ಬೆಳಿಗ್ಗೆ ಏಳರಿಂದ ಒಂದು ಗಳಿಗೆ ಕೂರದ ಅಪ್ಪ, ಹುಲ್ಲಿನ ಮೇಲೆ ಕಾಲು ಚಾಚಿ ಕೂತುಬಿಟ್ಟರು. ಹಣೆಯ ಮೇಲೆ ಐದು ಬೆರಳು ಹಾಗೇ ಇದ್ದವು.

ಆ ಹಲಗೆ ಎಂದೋ ಕೊಳೆತು ಹೋಯಿತು ಮಕ್ಕಳೇ. ನೀವು ಈಗ ಓಡುವುದು ನಾನು ಹಾಕಿದ ಮೂರನೆಯದರ ಮೇಲೆ. ನೀವಿರುವುದು ಮತ್ತೆ ಅದೇ ಫೋರ್ಟ್ ಲೀಯಲ್ಲಿ, ನಮಗಿಂತ ಒಂಬತ್ತು ಮಹಡಿ ಮೇಲೆ. ನಿಮ್ಮ ಕಿಟಕಿಗಳಿಗೆ ಕಿವಿ ಇಲ್ಲ, ಆದರೂ ಮಾತು ಕೇಳುತ್ತವೆ. ಫೋನಿಗೆ ಹೇಳಿದರೆ ಪರದೆ ತಾನಾಗಿ ಇಳಿಯುತ್ತದೆ. ಕೆಳಗಿನ ಮನೆಯವರು ಈಗ ಪೊರಕೆಯಿಂದ ಕುಟ್ಟುವುದಿಲ್ಲ, ನಿಮ್ಮಮ್ಮನಿಗೆ ಮೆಸೇಜ್ ಕಳಿಸುತ್ತಾರೆ. ಆಮೇಲೆ ನಿಮ್ಮನ್ನು ಸೋಫಾದ ಮೇಲೆ ಕೂರಿಸುವುದು ಮಾತ್ರ ಹಾಗೇ ನಡೆದಿದೆ.

ಕಳೆದ ವಾರ ನಿಮ್ಮಪ್ಪ ಬಂದಿದ್ದಾಗ ಟ್ಯಾಬ್ಲೆಟ್‌ನಲ್ಲಿ ಹಳ್ಳಿಮನೆಯಂತೆ ಕಾಣುವ ಹೊಸ ಮನೆಗಳ ಚಿತ್ರ ತೋರಿಸಿದ. ಕೊಟ್ಟಿಗೆಯಲ್ಲಿ ತೂಗುವಂಥ ದೀಪ, ಗಾಡಿಯ ಚಕ್ರ, ಕಲ್ಲಿನಂತೆ ಕಾಣುವ ಅಂಟು ಹಾಳೆ, ಎಲ್ಲ ಕಿಟಕಿಗೂ ಎರಡೆರಡು ಕಪ್ಪು ಶಟರು. ಮುಚ್ಚುತ್ತವೆಯೇ ಎಂದು ಕೇಳಿದೆ. "ಇಲ್ಲ ಅಪ್ಪಾ, ಬರೀ ಲುಕ್‌ಗೆ," ಎಂದ. ಈ ಮನೆಯ ಮುಂಭಾಗವನ್ನೂ ಒಮ್ಮೆ ಸರಿಮಾಡಿಸುತ್ತಾನಂತೆ. ಆ ಒಂದು ಕಿಟಕಿಯ ಕೊರತೆಯನ್ನು ತುಂಬಲು ಅಳತೆಯನ್ನೂ ತೆಗೆದುಕೊಂಡು ಹೋಗಿದ್ದಾನೆ. ಅಂದಿನಿಂದ ನನಗೆ ಕೂತಲ್ಲಿ ಕೂರಲಾಗುತ್ತಿಲ್ಲ.

ನಿಮಗೆ ಕನ್ನಡ ಓದಲು ಬರುವುದಿಲ್ಲ ಎಂದು ನನಗೆ ಗೊತ್ತು. ಇದನ್ನು ನಿಮ್ಮಪ್ಪನೇ ಗಟ್ಟಿಯಾಗಿ ಓದಿ ಹೇಳಬೇಕು. ಅದಕ್ಕೇ ಕನ್ನಡದಲ್ಲಿ ಬರೆದೆ. ಓದಿದೆಯೇನಪ್ಪಾ? ಆ ಕಿಟಕಿಗೆ ಒಂದು ಸಾಕು.