ಅರ್ಥಶಾಸ್ತ್ರಕ್ಕೆ ಕೂತ ಟೇಲರಕ್ಕ

ರೋಣದ ಬಸ್ ನಿಲ್ದಾಣದ ಎದುರು ನಾನು ಇಂಟರ್ನೆಟ್ ಅಂಗಡಿ ಇಟ್ಟಿದ್ದಾಗ, ಪಕ್ಕದ ಓಣಿಯಲ್ಲಿ ಜಂಪರು ಹೊಲಿಯುತ್ತಿದ್ದ ಅಕ್ಕ ದಿನವೂ ಮಧ್ಯಾಹ್ನ ಬರುತ್ತಿದ್ದರು. ಯಾವುದೋ ದೂರದ ಕಾಲೇಜಿನ ಆನ್‌ಲೈನ್ ಅರ್ಥಶಾಸ್ತ್ರದ ಕೋರ್ಸಿಗೆ ಸೇರಿದ್ದರು. ಪಾಠ ಶುರುವಾಗುವ ಮೊದಲೇ ಟೈಪಿಂಗ್ ಕಲಿತರು. ಬೇಡಿಕೆ, ಪೂರೈಕೆಯ ಗೆರೆಗಳನ್ನು ಬಟ್ಟೆಗೆ ಗುರುತು ಹಾಕುವ ಚಾಕಿನಿಂದ ನನ್ನ ಮೇಜಿನ ಮೇಲೆಯೇ ಎಳೆದು ನೋಡುತ್ತಿದ್ದರು. ಐದು ನಿಮಿಷ ಒಂದೇ ಕಡೆ ಕೂರುತ್ತಿರಲಿಲ್ಲ. "ಯಾವುದಕ್ಕೂ ಮೊದ್ಲ ಹಾದಿ ನೋಡಿ ಇಟ್ಕೋಬೇಕ್ರಿ" ಎನ್ನುತ್ತ, ಮುಂದಿನ ಪಾಠವನ್ನು ಬಾಯಲ್ಲಿ ಹೇಳಿಕೊಳ್ಳುತ್ತ ಎದ್ದು ಅಡ್ಡಾಡುತ್ತಿದ್ದರು.

ಮೊದಲ ಪರೀಕ್ಷೆಯ ನಡುವೆ ಕರೆಂಟು ಹೋಯಿತು. ನಾಲ್ಕು ಕಂಪ್ಯೂಟರಿಗೂ ನನ್ನಲ್ಲಿದ್ದದ್ದು ಒಂದೇ ಬ್ಯಾಟರಿ.

"ಎಷ್ಟೊತ್ತು ತಡೀತೈತ್ರಿ?" ಎಂದು ಅಕ್ಕ ಕೇಳಿದರು.

"ಎಲ್ಲಾ ನಡದ್ರ ಹತ್ತು ನಿಮಿಷ ರೀ. ನಿಮ್ದೊಂದ ಇದ್ರ ಅರ್ಧ ತಾಸು."

ಅವರು ಎದ್ದು ಉಳಿದವರಿಗೆ ಕೈಮುಗಿದರು. "ನಂದು ಪರೀಕ್ಷಾ ಐತ್ರಿ. ನಿಮ್ಮವು ಬಂದ್ ಮಾಡ್ತೀರೇನ್ರಿ?"

ಇಬ್ಬರು ಕೂಡಲೇ ಬಂದ್ ಮಾಡಿದರು. ಮೂಲೆಯಲ್ಲಿ ನರ್ಸಿಂಗ್ ಅರ್ಜಿ ತುಂಬುತ್ತಿದ್ದ ಹುಡುಗಿ ಒಂದು ಗಳಿಗೆ ಪರದೆ ನೋಡಿದಳು. ಆಮೇಲೆ ತಾನೂ ಬಂದ್ ಮಾಡಿ, ಪಕ್ಕದ ಹಳ್ಳಿ ಸವಡಿಯ ಬಸ್ಸಿಗೆ ಹೋದಳು.

ಕೆಲವು ದಿನಕ್ಕೆ ಫಲಿತಾಂಶ ಬಂತು, ಅಕ್ಕ ಪಾಸಾದರು. ನಾನು ಕೊಟ್ಟ ಪೇಡೆ ಅವರ ಕೈಯಲ್ಲೇ ಉಳಿಯಿತು.

"ಆ ಹುಡುಗಿ ಮತ್ತ ಬಂದಿದ್ಲೇನ್ರಿ?"

"ಇಲ್ರಿ."

"ಅರ್ಜಿ ಹಾಕಾಕ ಅವತ್ತ ಕಡೀ ದಿನ ಇತ್ತೋ ಏನೋ. ನಾ ಕೇಳಲೇ ಇಲ್ಲ."

ಮರುದಿನ ಅಕ್ಕ ಅಂದಿನ ಹೊಲಿಗೆ ಬದಿಗಿಟ್ಟು ಸವಡಿಯ ಬಸ್ಸು ಹತ್ತಿದರು. ಆ ಹುಡುಗಿಯ ಹೆಸರೂ ಅವರಿಗೆ ಗೊತ್ತಿರಲಿಲ್ಲ.